ಮಂಗಳವಾರ ಡಾಕ್ಟರು ಇರ್ತಾರಾ?

ಮನಸ್ಸಿನ ಆರೋಗ್ಯದ ಬಗ್ಗೆ ಓದುಗರ ಪ್ರಶ್ನೆಗಳು. ಕೊಡಗಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ರೋಗಿಗಳ ಸಮಾಜ ಕಾರ್ಯಕರ್ತೆಯಾಗಿದ್ದು ಈಗ ನಿವೃತ್ತರಾಗಿರುವ ನಮ್ಮ ಅಂಕಣಕಾರ್ತಿ ಉತ್ತರಿಸುತ್ತಾರೆ.

ಪ್ರಶ್ನೆ: ಮೇಡಂ, ನಾನು ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಕಡಿಮೆ ಖರ್ಚಿನಲ್ಲಿ ಕೌನ್ಸೆಲಿಂಗ್, ಥೆರಪಿ ಎಲ್ಲಿ ಸಿಗುತ್ತದೆ ಅಂತ ತೋರಿಸುವ ಆ್ಯಪ್ ಮಾಡಬೇಕೆಂದು ನಾವು ನಾಲ್ವರು ಗೆಳೆಯರು ಹೊರಟಿದ್ದೇವೆ. ಮ್ಯಾಪ್, ಸ್ಟಾರ್ ರೇಟಿಂಗ್, ಚಾಟ್‌ಬಾಟ್, ಆನ್‌ಲೈನ್ ಪೇಮೆಂಟ್ ಎಲ್ಲ ಯೋಚಿಸಿದ್ದೇವೆ. ಅಣ್ಣನಿಗೆ ಬೇಕಾದಾಗ ಎಲ್ಲಿಗೆ ಹೋಗಬೇಕು ಅಂತಲೇ ನಮ್ಮ ಮನೆಯವರಿಗೆ ಗೊತ್ತಾಗಲಿಲ್ಲ. ಅದಕ್ಕೇ ಈ ಕೆಲಸಕ್ಕೆ ಕೈ ಹಾಕಿದ್ದು. ನಮ್ಮ ಜಿಲ್ಲೆಗೆ ಏನು ಬೇಕು, ಏನು ಬೇಡ ಹೇಳುತ್ತೀರಾ?
– ಹೆಸರು ಬೇಡ, ಪೊನ್ನಂಪೇಟೆ

ಉತ್ತರ: ನಿಮ್ಮ ಪತ್ರ ನೋಡಿ ತುಂಬಾ ಖುಷಿಯಾಯಿತು. ಅಣ್ಣ ಈಗ ಹೇಗಿದ್ದಾರೆ ಅಂತ ಬರೆದಿಲ್ಲ. ಮುಂದಿನ ಪತ್ರದಲ್ಲಿ ಖಂಡಿತ ಬರೆಯಿರಿ.

ಮೊದಲು ಖರ್ಚಿನ ಲೆಕ್ಕ ನೋಡೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗೆ ಡಾಕ್ಟರನ್ನು ನೋಡಲು ಹೆಚ್ಚಿನ ದುಡ್ಡೇನೂ ಬೇಡ. ಮಾತ್ರೆಯೂ ಅಲ್ಲೇ ಸಿಗುತ್ತದೆ. ನಿಮ್ಮ ಆ್ಯಪ್‌ನಲ್ಲಿ ಇದರ ಮುಂದೆ ‘ಉಚಿತ’ ಅಂತ ಬರುತ್ತದೆ. ಆದರೆ ಅಲ್ಲಿಗೆ ಹೋಗುವವರಿಗೆ ಅದು ಉಚಿತ ಅಲ್ಲ. ಬಸ್ಸಿನ ದುಡ್ಡು, ಮಧ್ಯಾಹ್ನದ ಊಟ, ಎಲ್ಲಕ್ಕಿಂತ ಜಾಸ್ತಿ ಅಂದರೆ ಹೋದ ದಿನದ ಕೂಲಿ. ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ನಮ್ಮ ಜಿಲ್ಲೆಗೆ ರೈಲಿಲ್ಲ. ಮೈಸೂರಿನಲ್ಲಿ ಯಾರೋ ಪುಣ್ಯಾತ್ಮರು ಬಿಟ್ಟಿ ನೋಡುತ್ತಾರೆ ಅಂದರೂ ವಾರವಾರ ಹೋಗಿ ಬರಲು ಎಷ್ಟು ಜನರಿಗೆ ಆಗುತ್ತದೆ ಹೇಳಿ?

ಒಂದು ಕಾಫಿ ಕೊಯ್ಲಿನ ಸಮಯ. ಸಿದ್ದಾಪುರ ಕಡೆಯ ತೋಟದ ಲೈನ್ ಮನೆಯಿಂದ (ಕೂಲಿಯವರ ಸಾಲು ಮನೆ) ಗಂಡ ಹೆಂಡತಿ ಬಂದಿದ್ದರು. ಹೆರಿಗೆಯಾದ ಮೇಲೆ ಆಕೆಗೆ ನಿದ್ದೆ ಇಲ್ಲ, ಸುಮ್ನೆ ಅಳು. ಮಗು ಅವನ ಹೆಗಲ ಮೇಲಿತ್ತು. ಬೆಳಕು ಹರಿಯುವ ಮುಂಚೆ ತೋಟದ ದಾರಿಯಲ್ಲಿ ಆನೆ ಭಯ. ಹಾಗಾಗಿ ಮೊದಲನೇ ಬಸ್ಸಿಗೆ ಬರಲು ಆಗಿರಲಿಲ್ಲ. ತೋಟದ ರೈಟರ್ (ಲೆಕ್ಕ ಬರೆಯುವವರು) ಒಂದು ಚೀಟಿಯಲ್ಲಿ ‘ಮಂಗಳವಾರ, ಮಾನಸಿಕ ಡಾಕ್ಟರ್’ ಅಂತ ಬರೆದು ಕೊಟ್ಟಿದ್ದರು. ಅವರು ಬಂದದ್ದೂ ಮಂಗಳವಾರವೇ. ಆದರೆ ಡಾಕ್ಟರು ಆ ವಾರ ಬೇರೆ ತಾಲೂಕಿಗೆ ಹೋಗಿದ್ದರು. ಕೊಯ್ಲಿನಲ್ಲಿ ಕೆ.ಜಿ. ಲೆಕ್ಕದಲ್ಲಿ ಕೂಲಿ, ಇಬ್ಬರದ್ದೂ ಹೋಯಿತು. ಅವನು ಸಿಟ್ಟು ಮಾಡಲಿಲ್ಲ. ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು, ‘ಮುಂದಿನ ಮಂಗಳವಾರ ಡಾಕ್ಟರು ಇರ್ತಾರಾ?’ ಅಂತ ಕೇಳಿದ. ನಿಮ್ಮ ಆ್ಯಪ್ ಉತ್ತರ ಹೇಳಬೇಕಾದ ಮೊದಲನೇ ಪ್ರಶ್ನೆ ಇದೇ. ಇದಕ್ಕೆ ಸರಿಯಾಗಿ ಉತ್ತರ ಹೇಳಿದರೆ ಉಳಿದದ್ದು ಇಲ್ಲದಿದ್ದರೂ ನಡೆಯುತ್ತದೆ.

ಮಂಗಳವಾರದ ವಿಷಯ ನಿಮಗೆ ಗೊತ್ತಿಲ್ಲದಿರಬಹುದು. ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಅಂತ ಒಂದು ಕಾರ್ಯಕ್ರಮ ಇದೆ. ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬಂದು ನೋಡುವ ಏರ್ಪಾಡು ಅದು. ಇದರ ಜೊತೆಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇರುತ್ತದೆ. ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಸಮಾಜ ಕಾರ್ಯಕರ್ತರು, ನರ್ಸ್ ಈ ತಂಡದ ಹುದ್ದೆಗಳು. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯೂ ಇದೆ. ಅಂದರೆ ಬರಿಗೈಯಲ್ಲಿ ಶುರು ಮಾಡಬೇಕಾಗಿಲ್ಲ. ಆದರೆ ಯಾವ ಹುದ್ದೆ ತುಂಬಿದೆ, ಯಾವುದು ಖಾಲಿ, ಯಾರು ರಜೆ, ಯಾರಿಗೆ ವರ್ಗ ಆಯಿತು, ಇದೆಲ್ಲ ಹೊರಗಿನವರಿಗೆ ಗೊತ್ತಾಗುವುದೇ ಇಲ್ಲ.

ಆದ್ದರಿಂದ ಮೊದಲನೇ ಪರದೆಯಲ್ಲಿ ಈ ವಾರದ ಪಟ್ಟಿ ಇರಲಿ. ಎಲ್ಲಿ, ಯಾವ ದಿನ, ಯಾರು, ಚೀಟಿ ಕೊಡುವ ಕಿಟಕಿ ಎಷ್ಟು ಗಂಟೆಗೆ ಮುಚ್ಚುತ್ತದೆ, ಒಟ್ಟು ಎಷ್ಟು ದುಡ್ಡು. ಪ್ರತಿ ಸಾಲಿನ ಕೆಳಗೆ ‘ಇದನ್ನು ಫೋನ್ ಮಾಡಿ ಕೇಳಿದ ದಿನ’ ಅಂತ ತಾರೀಕು ಹಾಕಿ. ತಾರೀಕು ಹಳೆಯದಾದರೆ ಆ ಸಾಲು ತಾನಾಗಿ ಮಾಸಲಾಗಿ ಕಾಣಲಿ, ‘ಹೊರಡುವ ಮುಂಚೆ ಫೋನ್ ಮಾಡಿ’ ಅಂತ ಬರಲಿ. ಮದ್ದು ಬರೆಯುವವರು ಯಾರು, ಕೂತು ಮಾತಾಡಿಸುವವರು ಯಾರು ಅನ್ನುವುದೂ ಬೇರೆ ಬೇರೆಯಾಗಿ ಕಾಣಬೇಕು. ಒಪಿಡಿಯಲ್ಲಿ ಸಾಲು ಉದ್ದ ಇದ್ದಾಗ ಮನೋವೈದ್ಯರಿಗೆ ಒಬ್ಬೊಬ್ಬರಿಗೆ ಕೆಲವೇ ನಿಮಿಷ ಸಿಗುತ್ತದೆ. ಥೆರಪಿ ಅಂದರೆ ಮುಕ್ಕಾಲು ಗಂಟೆ, ಒಂದು ಗಂಟೆ, ಅದೂ ಹಲವು ವಾರ. ಮದ್ದು ಸಾಕಾಗುವವರಿದ್ದಾರೆ, ಮಾತೇ ಬೇಕಾದವರಿದ್ದಾರೆ, ಎರಡೂ ಬೇಕಾದವರೂ ಇದ್ದಾರೆ. ಮಾತಾಡಬೇಕು ಅಂತ ಬಂದವರು ಮಾತ್ರೆ ಚೀಟಿ ಹಿಡಿದುಕೊಂಡು ವಾಪಸ್ ಹೋದರೆ ಇನ್ನೊಂದು ಸಲ ಬರುವುದಿಲ್ಲ.

ಈಗ ನಿಮಗೆ ಸ್ವಲ್ಪ ಬೇಸರ ಆಗುವ ಮಾತು. ಈ ಕೆಲಸದಲ್ಲಿ ಕೋಡ್ ಬರೆಯುವುದು ಚಿಕ್ಕ ಪಾಲು. ದೊಡ್ಡ ಪಾಲು ಫೋನ್ ಮಾಡುವುದು. ಪ್ರತಿ ಸೋಮವಾರ ಬೆಳಿಗ್ಗೆ ನಿಮ್ಮಲ್ಲಿ ಒಬ್ಬರು ಕೂತು ಎಲ್ಲ ಕಡೆಗೂ ಫೋನ್ ಮಾಡಿ ಕೇಳಬೇಕು. ಮೊದಲು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಪತ್ರ ಕೊಟ್ಟು ಒಪ್ಪಿಗೆ ಪಡೆಯಿರಿ. ಆಮೇಲೆ ನರ್ಸ್‌ಗಳ ಪರಿಚಯ ಮಾಡಿಕೊಳ್ಳಿ. ಡಾಕ್ಟರು ಬರುತ್ತಾರೋ ಇಲ್ಲವೋ ಅಂತ ಅವರಿಗೆ ಎಲ್ಲರಿಗಿಂತ ಮುಂಚೆ ಗೊತ್ತಿರುತ್ತದೆ.

ನನ್ನ ಕೇಳಿದರೆ ಮೊದಲ ಎರಡು ತಿಂಗಳು ಆ್ಯಪ್ ಮಾಡಲೇಬೇಡಿ. ನಮ್ಮ ಜಿಲ್ಲೆಯ ಪಟ್ಟಿ ಒಂದು ಹಾಳೆಯಲ್ಲಿ ಹಿಡಿಸುತ್ತದೆ. ಅದನ್ನು ಒಂದು ಶೀಟ್‌ನಲ್ಲಿ ಹಾಕಿ, ಒಂದು ವಾಟ್ಸ್ಆ್ಯಪ್ ನಂಬರ್ ಇಡಿ. ಜನ ಬರೆಯುವುದಕ್ಕಿಂತ ವಾಯ್ಸ್ ಮೆಸೇಜ್ ಜಾಸ್ತಿ ಕಳಿಸುತ್ತಾರೆ, ಕಳಿಸಲಿ. ಅವರು ಏನು ಕೇಳುತ್ತಾರೆ, ಯಾವ ಮಾತಿನಲ್ಲಿ ಕೇಳುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಹೆಸರು, ನಂಬರ್ ಬರೆಯಬೇಡಿ, ಪ್ರಶ್ನೆ ಮಾತ್ರ ಸಾಕು. ‘ಖಿನ್ನತೆ’ ಅಂತ ಯಾರೂ ಕೇಳುವುದಿಲ್ಲ. ‘ನಿದ್ದೆ ಬರಲ್ಲ’, ‘ಎದೆ ಡವಡವ ಅನ್ನುತ್ತೆ’, ‘ಮಗ ರೂಮಿನಿಂದ ಹೊರಗೇ ಬರಲ್ಲ’, ‘ಇವರ ಕುಡಿತ ಬಿಡಿಸೋದು ಹೇಗೆ’ ಅಂತ ಕೇಳುತ್ತಾರೆ. ನಾಳೆ ಆ್ಯಪ್‌ನಲ್ಲಿ ಹುಡುಕುವಾಗ ಈ ಮಾತುಗಳಿಗೇ ಉತ್ತರ ಬರಬೇಕು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೂ ಬರಬೇಕು.

ಭಾಷೆಯ ವಿಷಯ ಬಂತಲ್ವಾ, ಅದನ್ನೂ ಹೇಳಿಬಿಡುತ್ತೇನೆ. ದುಃಖ ಹೇಳಿಕೊಳ್ಳುವುದು ಮನೆಮಾತಿನಲ್ಲಿ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವರ ಮಾತು, ಈಗ ತೋಟಗಳಲ್ಲಿ ಅಸ್ಸಾಮಿನ ಕಡೆಯಿಂದ ಬಂದವರ ಮಾತು. ಇಷ್ಟೆಲ್ಲ ಭಾಷೆಯಲ್ಲಿ ಆ್ಯಪ್ ಮಾಡಿ ಅಂತ ಹೇಳುತ್ತಿಲ್ಲ. ಒಬ್ಬೊಬ್ಬ ಕೌನ್ಸೆಲರ್ ಹೆಸರಿನ ಮುಂದೆ ಅವರು ಯಾವ ಯಾವ ಭಾಷೆ ಮಾತಾಡುತ್ತಾರೆ ಅಂತ ಬರೆಯಿರಿ, ಅಷ್ಟು ಸಾಕು.

ಮ್ಯಾಪ್ ಬಗ್ಗೆ ಕೇಳಿದ್ದೀರಿ. ಮ್ಯಾಪ್ ಇರಲಿ, ಆದರೆ ಹತ್ತಿರದ್ದನ್ನೇ ಮೇಲೆ ತೋರಿಸಬೇಡಿ. ಹೋಟೆಲ್ಲು, ಪೆಟ್ರೋಲ್ ಬಂಕಿಗೆ ಅದು ಸರಿ. ನಮ್ಮದು ಚಿಕ್ಕ ಜಿಲ್ಲೆ, 2011ರ ಜನಗಣತಿಯಲ್ಲಿ ಸುಮಾರು 5.54 ಲಕ್ಷ ಜನ. ಎಲ್ಲರಿಗೂ ಎಲ್ಲರೂ ಗೊತ್ತು. ಮನೋವೈದ್ಯರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತರೆ ಹತ್ತು ನಿಮಿಷದಲ್ಲಿ ಒಕ್ಕದವರೋ (ಮನೆತನದವರು), ಹೆಂಡತಿಯ ತವರಿನವರೋ ಎದುರಿಗೆ ಬಂದು ‘ಏನು ಇಲ್ಲಿ?’ ಅಂತ ಕೇಳುತ್ತಾರೆ. ಮದುವೆ ವಯಸ್ಸಿನ ಮಕ್ಕಳಿರುವ ಮನೆಯವರು ಇದಕ್ಕೆ ಹೆದರಿಯೇ ಬರುವುದಿಲ್ಲ. ಮನೆ ಹತ್ತಿರದ ಆಸ್ಪತ್ರೆ ಬಿಟ್ಟು ಪಕ್ಕದ ತಾಲೂಕಿಗೆ ಹೋಗುವವರನ್ನು ನಾನು ತುಂಬಾ ನೋಡಿದ್ದೇನೆ. ಹಾಗಾಗಿ ಮೊದಲೇ ಕೇಳಿ: ಹತ್ತಿರ ಬೇಕಾ, ಗುರುತಿನವರು ಇಲ್ಲದ ಕಡೆ ಬೇಕಾ, ಇಲ್ಲ ಫೋನಿನಲ್ಲೇ ಸಾಕಾ? ಈ ಒಂದು ಪ್ರಶ್ನೆ ಇದ್ದರೆ ನಿಮ್ಮ ಆ್ಯಪ್ ನಮ್ಮ ಊರಿನದ್ದು ಅನ್ನಿಸುತ್ತದೆ.

ಸ್ಟಾರ್ ರೇಟಿಂಗ್ ಬೇಡವೇ ಬೇಡ. ಇಂಥ ಊರಿನಲ್ಲಿ ‘ಮೂರು ತಿಂಗಳು ಹೋದೆ, ಗುಣ ಆಯಿತು’ ಅಂತ ಬರೆದರೆ ಯಾರು ಬರೆದದ್ದು ಅಂತ ಸಂಜೆಯೊಳಗೆ ಗೊತ್ತಾಗುತ್ತದೆ. ಕೌನ್ಸೆಲರ್ ಬಗ್ಗೆ ದೂರು ಇದ್ದರೆ ನಿಮಗೆ ಮಾತ್ರ ಬರುವ ದಾರಿ ಮಾಡಿ. ಚಾಟ್‌ಬಾಟ್ ಕೂಡ ಬೇಡ. ರಾತ್ರಿ ಎರಡು ಗಂಟೆಗೆ ಬದುಕೇ ಬೇಡ ಅನ್ನಿಸಿದವರಿಗೆ ಯಂತ್ರದ ಉತ್ತರ ಕೊಡುವ ಹೊಣೆ ನೀವು ಹೊರಬಾರದು. ಅದರ ಬದಲು ಪ್ರತಿ ಪುಟದಲ್ಲೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ತುರ್ತಿಗೆ 112, ಎರಡು ದೊಡ್ಡ ಬಟನ್ ಇಡಿ. ಒತ್ತಿದರೆ ನೇರ ಕಾಲ್ ಹೋಗಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಇಂಟರ್ನೆಟ್ ಸತ್ತಾಗಲೂ ಆ ಬಟನ್, ಹಿಂದೆ ತೆರೆದಾಗಿನ ಪಟ್ಟಿ, ಎರಡೂ ಕಾಣಬೇಕು. ಆ್ಯಪ್ ಸೈಜ್ ಚಿಕ್ಕದಿರಲಿ. ಫೋಟೋ, ವಿಡಿಯೋ ತುಂಬಿದ ಫೋನಿನಲ್ಲಿ ಜಾಗ ಇರುವುದಿಲ್ಲ.

ಗುಟ್ಟಿನ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನನಗೆ ರಾಜಿ ಇಲ್ಲ. ಎಷ್ಟೋ ಮನೆಗಳಲ್ಲಿ ಫೋನ್ ಒಂದೇ. ಸೊಸೆ ಹುಡುಕಿದ್ದು ಅತ್ತೆಯ ಕಣ್ಣಿಗೆ ಬೀಳುತ್ತದೆ. ‘ನಾಳೆ 11 ಗಂಟೆಗೆ ನಿಮ್ಮ ಕೌನ್ಸೆಲಿಂಗ್ ಇದೆ’ ಅಂತ ಪರದೆಯ ಮೇಲೆ ಬಂದರೆ ಆ ಮನೆಯಲ್ಲಿ ಏನಾಗಬಹುದು ಯೋಚಿಸಿ. ನೋಟಿಫಿಕೇಶನ್ ಕಳಿಸಬೇಡಿ. ಕಳಿಸಲೇಬೇಕಾದರೆ ‘ನಾಳೆ 11 ಗಂಟೆ’ ಅಂತ ಮಾತ್ರ ಇರಲಿ. ಆ್ಯಪ್ ಹೆಸರಿನಲ್ಲಿ ಮನಸ್ಸು, ಮಾನಸಿಕ ಅನ್ನುವ ಪದ ಬೇಡ. ಹುಡುಕಲು ಲಾಗಿನ್ ಕೇಳಬೇಡಿ. ಹೆಸರು, ವಯಸ್ಸು, ಕಾಯಿಲೆ, ಯಾವುದೂ ಬೇಡ.

ಮಾಹಿತಿ ಕೂಡಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ದೊಡ್ಡ ಉದಾಹರಣೆ ಇದೆ. ಅಮೆರಿಕದ ಬೆಟರ್‌ಹೆಲ್ಪ್ ಅನ್ನುವ ಆನ್‌ಲೈನ್ ಥೆರಪಿ ಕಂಪನಿ, ನಿಮ್ಮ ಮಾಹಿತಿ ಗುಟ್ಟಾಗಿರುತ್ತದೆ ಅಂತ ಹೇಳಿ, ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ಗಳಿಗೆ ಅದನ್ನು ಕೊಟ್ಟಿತ್ತು ಅಂತ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. 2023ರಲ್ಲಿ ಆ ಕಂಪನಿ 78 ಲಕ್ಷ ಡಾಲರ್ ಕಟ್ಟಬೇಕಾಯಿತು. ನಮ್ಮಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಗಿದೆ. ಅದರ ಪ್ರಕಾರ 18 ತುಂಬದವರ ಮಾಹಿತಿ ಬಳಸಲು ತಂದೆ ತಾಯಿಯ ಒಪ್ಪಿಗೆ ಬೇಕು. ಹಾಸ್ಟೆಲಿನಲ್ಲಿರುವ ಪಿಯುಸಿ ಹುಡುಗಿ ಅಪ್ಪನ ಒಪ್ಪಿಗೆ ಕೇಳಿ ಆಮೇಲೆ ನಂಬರ್ ಹುಡುಕುತ್ತಾಳಾ? ಮಾಹಿತಿಯನ್ನೇ ತೆಗೆದುಕೊಳ್ಳದಿದ್ದರೆ ಈ ತೊಡಕೇ ಇಲ್ಲ.

ದುಡ್ಡಿನ ಕಡೆ. ಅಮೆರಿಕದಲ್ಲಿ ಓಪನ್ ಪಾತ್ ಅಂತ ಒಂದು ಸಂಸ್ಥೆ ಇದೆ. ಅಲ್ಲಿ ಒಂದು ಸಲ ಸದಸ್ಯತ್ವದ ದುಡ್ಡು ಕಟ್ಟಿದರೆ, ತಮ್ಮ ಸಮಯದಲ್ಲಿ ಸ್ವಲ್ಪ ಭಾಗವನ್ನು ಕಡಿಮೆ ದರಕ್ಕೆ ಕೊಡಲು ಒಪ್ಪಿದ ಥೆರಪಿಸ್ಟ್‌ಗಳು ಸಿಗುತ್ತಾರೆ. ಅಲ್ಲಿ ಖಾಸಗಿ ಥೆರಪಿಸ್ಟ್‌ಗಳು ಜಾಸ್ತಿ ಇದ್ದಾರೆ, ನಮ್ಮ ಜಿಲ್ಲೆಯಲ್ಲಿ ಅಷ್ಟಿಲ್ಲ. ಆದರೆ ಒಂದು ಕೆಲಸ ಮಾಡಬಹುದು. ಮೈಸೂರು, ಬೆಂಗಳೂರಿನಲ್ಲಿರುವ ಕನ್ನಡ ಬಲ್ಲ ಸೈಕಾಲಜಿಸ್ಟ್‌ಗಳನ್ನು ಕೇಳಿ. ವಾರದಲ್ಲಿ ಒಂದು ಗಂಟೆ ಕೊಡಗಿನವರಿಗೆ ಅಂತ ಫೋನಿನಲ್ಲೋ ವಿಡಿಯೋದಲ್ಲೋ ಕೊಡುತ್ತೀರಾ, ಎಷ್ಟು ತೆಗೆದುಕೊಳ್ಳುತ್ತೀರಿ ಅಂತ ಕೇಳಿ. ಅವರ ಊರಿನಲ್ಲಿ ಗಂಟೆಗೆ ಸಾವಿರ ದಾಟುವುದು ಮಾಮೂಲು. ಅದೇ ಗಂಟೆಯನ್ನು ಇನ್ನೂರು, ಮುನ್ನೂರಕ್ಕೆ ಕೊಡುವ ಮನಸ್ಸಿನವರು ಇದ್ದೇ ಇರುತ್ತಾರೆ, ಆದರೆ ಅವರನ್ನು ಯಾರೂ ಕೇಳಿರುವುದಿಲ್ಲ. ‘ಕೈಗೆಟುಕುವ ದರ’ ಅಂತ ಬರೆಯಬೇಡಿ. ಎಷ್ಟು ರೂಪಾಯಿ ಅಂತ ಬರೆಯಿರಿ. ಜಾಗ ತುಂಬಿದ್ದರೆ ‘ತುಂಬಿದೆ’ ಅಂತ ಬರೆಯಿರಿ. ಪೇಮೆಂಟ್ ನಿಮ್ಮ ಮೂಲಕ ಬೇಡ. ದುಡ್ಡು ಕೊಟ್ಟವರ ಹೆಸರು ಮೇಲೆ ಬರುವ ಏರ್ಪಾಡಂತೂ ಬೇಡವೇ ಬೇಡ. ಒಂದು ಸಲ ಆ ದುಡ್ಡು ಮುಟ್ಟಿದರೆ ನಿಮ್ಮ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

ಇನ್ನೊಂದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 18ನೇ ಕಲಂ ಪ್ರಕಾರ ಸರ್ಕಾರಿ ವ್ಯವಸ್ಥೆಯಲ್ಲಿ ಮನಸ್ಸಿನ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಡತನ ರೇಖೆಗಿಂತ ಕೆಳಗಿರುವವರಿಗೆ ಅದು ಉಚಿತ. ಇದನ್ನು ಸುಲಭ ಕನ್ನಡದಲ್ಲಿ ಎರಡು ಸಾಲು ಹಾಕಿ, ಓದಿ ಹೇಳುವ ಧ್ವನಿಯೂ ಇರಲಿ. ದಯೆ ಬೇಡುತ್ತಿದ್ದೇವೆ ಅಂತ ಕುಗ್ಗಿ ನಿಲ್ಲುವವರಿಗೆ ಅದು ಗೊತ್ತಾಗಬೇಕು.

ಕೊನೆಗೆ, ನೀವು ನಾಲ್ವರೂ ಮುಂದಿನ ವರ್ಷ ಕೆಲಸಕ್ಕೆ ಬೆಂಗಳೂರಿಗೆ ಹೋಗುತ್ತೀರಿ ಅಲ್ವಾ? ಸೋಮವಾರದ ಫೋನ್ ಯಾರು ಮಾಡುತ್ತಾರೆ? ಜೂನಿಯರ್‌ಗಳಿಗೋ, ಕಾಲೇಜಿನ ಎನ್‌ಎಸ್‌ಎಸ್‌ಗೋ, ಜಿಲ್ಲಾ ತಂಡಕ್ಕೋ ಈಗಲೇ ಮಾತಾಡಿ ಒಪ್ಪಿಸಿ. ಯಾರೂ ಸಿಗದಿದ್ದರೆ ಹೋಗುವ ದಿನ ಪಟ್ಟಿ ತೆಗೆದುಬಿಡಿ, 14416 ಮಾತ್ರ ಉಳಿಸಿ. ತಪ್ಪು ಮಂಗಳವಾರ ತೋರಿಸುವ ಆ್ಯಪ್ ಇರುವುದಕ್ಕಿಂತ ಇಲ್ಲದಿರುವುದೇ ಮೇಲು. ಶೀಟ್ ತಯಾರಾದಾಗ ನನಗೆ ಕಳಿಸಿ, ನನಗೆ ಗೊತ್ತಿರುವ ನರ್ಸ್‌ಗಳಿಗೆ ನಾನೇ ನಿಮ್ಮ ಪರಿಚಯ ಹೇಳುತ್ತೇನೆ.

ಪ್ರಶ್ನೆ: ಈಗ ಎಲ್ಲೆಲ್ಲೂ ‘ಕೌನ್ಸೆಲರ್’, ‘ಲೈಫ್ ಕೋಚ್’ ಬೋರ್ಡ್ ಕಾಣುತ್ತಿದೆ. ಫೀಸು ಕಡಿಮೆ ಅಂತ ಹೋಗಬಹುದಾ? ನಿಜವಾಗಿ ಓದಿದವರು ಅಂತ ತಿಳಿಯುವುದು ಹೇಗೆ?
– ಒಬ್ಬ ಶಿಕ್ಷಕಿ, ಸೋಮವಾರಪೇಟೆ

ಉತ್ತರ: ಅವರನ್ನೇ ಕೇಳಿ, ಸಂಕೋಚ ಬೇಡ. ಮನೋವೈದ್ಯರು ಅಂದರೆ ಎಂಬಿಬಿಎಸ್ ಆದಮೇಲೆ ಮಾನಸಿಕ ಕಾಯಿಲೆಯಲ್ಲಿ ಹೆಚ್ಚಿನ ಓದು ಮಾಡಿದ ಡಾಕ್ಟರು. ಮದ್ದು ಬರೆಯುವುದು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐಯಲ್ಲಿ ನೋಂದಾಯಿಸಿರಬೇಕು. ಅವರಿಗೆ ಸಿಆರ್‌ಆರ್ ನಂಬರ್ ಅಂತ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಕೇಳಿದರೆ ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಕೌನ್ಸೆಲರ್‌ಗಳಾದರೆ ಏನು ಓದಿದ್ದೀರಿ, ಎಲ್ಲಿ ತರಬೇತಿ, ನಿಮಗೆ ಕಷ್ಟ ಅನ್ನಿಸಿದ ಕೇಸನ್ನು ಯಾರಿಗೆ ಕಳಿಸುತ್ತೀರಿ ಅಂತ ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದಿದ್ದರೆ ಎದ್ದು ಬನ್ನಿ. ಇಷ್ಟೇ ದಿನದಲ್ಲಿ ಗುಣ ಮಾಡುತ್ತೇನೆ ಅಂತ ಗ್ಯಾರಂಟಿ ಕೊಡುವವರು, ಡಾಕ್ಟರು ಕೊಟ್ಟ ಮಾತ್ರೆ ಇವತ್ತೇ ನಿಲ್ಲಿಸಿ ಅನ್ನುವವರು, ಇವರ ಹತ್ತಿರ ಬಿಟ್ಟಿಯಾದರೂ ಹೋಗಬೇಡಿ.

ಪ್ರಶ್ನೆ: 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ನಮ್ಮ ಮನೆ, ತೋಟ ಹೋಯಿತು. ಈಗ ಬೇರೆ ಮನೆ ಇದೆ. ಆದರೆ ಜೂನ್ ಬಂತೆಂದರೆ ನನ್ನ ಯಜಮಾನರು ಮಲಗುವುದೇ ಇಲ್ಲ. ರಾತ್ರಿ ಟಾರ್ಚ್ ಹಿಡಿದು ಬರೆ (ಗುಡ್ಡದ ಇಳಿಜಾರು) ಕುಸಿದಿದೆಯಾ ಅಂತ ನೋಡಲು ಹೋಗುತ್ತಾರೆ. ಜೋರು ಸದ್ದಾದರೆ ಬೆವರುತ್ತಾರೆ. ಆಸ್ಪತ್ರೆಗೆ ಬನ್ನಿ ಅಂದರೆ ‘ನನಗೇನು ಹುಚ್ಚಾ?’ ಅನ್ನುತ್ತಾರೆ. ಮೈಸೂರಿಗೆ ವಾರವಾರ ಹೋಗುವಷ್ಟು ನಮ್ಮ ಹತ್ತಿರ ಇಲ್ಲ.
– ಹೆಸರು ಬೇಡ, ಮಡಿಕೇರಿ ತಾಲೂಕು

ಉತ್ತರ: ಅಮ್ಮಾ, ಇದು ಹುಚ್ಚಲ್ಲ. ಅಷ್ಟು ದೊಡ್ಡ ಅನಾಹುತ ಕಣ್ಣಾರೆ ಕಂಡವರ ಮೈ ಮನಸ್ಸು ವರ್ಷಗಳಾದರೂ ಹೀಗೆ ಎಚ್ಚರ ಇರುವುದುಂಟು. ಇದಕ್ಕೆ ಚಿಕಿತ್ಸೆ ಇದೆ, ಇಷ್ಟು ವರ್ಷ ಆದ ಮೇಲೂ ಗುಣ ಕಾಣುತ್ತದೆ.

ಅವರು ಬರದಿದ್ದರೆ ಮೊದಲು ನೀವೇ 14416ಕ್ಕೆ ಫೋನ್ ಮಾಡಿ. ಮನೆಯವರು ಮಾಡಬಹುದು. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು. ಮೊದಲು ತರಬೇತಿ ಪಡೆದ ಕೌನ್ಸೆಲರ್ ಸಿಗುತ್ತಾರೆ, ಬೇಕಾದರೆ ಮನೋವೈದ್ಯರಿಗೆ ಜೋಡಿಸುತ್ತಾರೆ. 2024ರಲ್ಲಿ ಅದರದ್ದೇ ಆ್ಯಪ್ ಕೂಡ ಬಂದಿದೆ. ಫೋನ್ ಮಾಡಿದಾಗ ನನಗೆ ಬರೆದ ಹಾಗೇ ಹೇಳಿ: ಟಾರ್ಚ್, ಬೆವರು, ಜೂನ್. ‘ಟೆನ್ಷನ್’ ಅಂತ ಒಂದೇ ಮಾತಿನಲ್ಲಿ ಮುಗಿಸಬೇಡಿ.

ಯಜಮಾನರಿಗೆ ‘ಮನಸ್ಸಿನ ಡಾಕ್ಟರು’ ಅನ್ನಬೇಡಿ. ‘ನಿದ್ದೆ ಬರ್ತಿಲ್ಲ ಅಲ್ವಾ, ಅದಕ್ಕೆ ಕೇಳೋಣ’ ಅನ್ನಿ. ಅದು ಸುಳ್ಳೂ ಅಲ್ಲ. ಈ ತರಹದ ಭಯಕ್ಕೆ ಮಾತಿನ ಚಿಕಿತ್ಸೆ ಸಾಮಾನ್ಯವಾಗಿ 8ರಿಂದ 12 ಸಲ ಬೇಕಾಗುತ್ತದೆ. ಎಲ್ಲಕ್ಕೂ ಎದುರಿಗೇ ಹೋಗಬೇಕು ಅಂತಿಲ್ಲ. ಮೊದಲ ಒಂದೆರಡು ಸಲ ಮಡಿಕೇರಿಯಲ್ಲಿ ಮುಖತಃ ನೋಡಿ, ಉಳಿದದ್ದು ಫೋನಿನಲ್ಲಿ ಆಗುತ್ತದಾ ಅಂತ ಕೇಳಿ. ಮಳೆ ಹಿಡಿಯುವ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲೇ ಶುರು ಮಾಡಿ. ಜುಲೈಯಲ್ಲಿ ರಸ್ತೆಯೂ ಕಷ್ಟ, ನೆಟ್‌ವರ್ಕೂ ಕಷ್ಟ, ಅವರ ಭಯವೂ ಜಾಸ್ತಿ. ಆ ದಿನಗಳಲ್ಲಿ ಕುಡಿತ ಹೆಚ್ಚಾಗುತ್ತದಾ ಅಂತ ಗಮನಿಸಿ, ಆಗುತ್ತಿದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ. ಸಾಯುವ ಮಾತು ಬಂದರೆ ಅಂದೇ ಫೋನ್ ಮಾಡಿ, ಬೆಳಗಾಗಲಿ ಅಂತ ಕಾಯಬೇಡಿ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಫೋನ್ ಮಾಡಿ ಡಾಕ್ಟರು ಇರುತ್ತಾರಾ ಅಂತ ಖಚಿತ ಮಾಡಿಕೊಳ್ಳಿ. ಬಿಪಿ, ಶುಗರ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿ, ರೇಷನ್ ಕಾರ್ಡು, ಆಧಾರ್ ಕಾರ್ಡು ಜೊತೆಗಿರಲಿ. ಅವರು ಒಪ್ಪಿದರೆ ನೀವೂ ಒಳಗೆ ಹೋಗಬಹುದು. ಟಾರ್ಚಿನ ವಿಷಯ ಅವರಾಗಿ ಹೇಳುವುದಿಲ್ಲ, ನೀವು ಹೇಳಬೇಕಾಗುತ್ತದೆ.